ಹದಿನಾಲ್ಕನೇ ಪುಟ ಕೊಟ್ಟವನು

ಸಬೀಹಾ, ನಿನ್ನ ಸಿನಿಮಾ ನಿಲ್ಲಿಸಿದವನು ಅರುಳ್ ಅಲ್ಲ — ನಾನು. ನಿನ್ನ ಸ್ಕ್ರಿಪ್ಟನ್ನು ಪರ್ಮಿಷನ್ ಕಚೇರಿಯ ಮೇಜಿನ ಮೇಲೆ ಇಟ್ಟವನು ನಾನು. ಆಮೇಲೆ ಶಿವಾಜಿನಗರದ ಆ ಗಲ್ಲಿಯಲ್ಲಿ, ಎಲ್ಲರ ಎದುರಿಗೆ ನೀನು ನನ್ನ ಮುಖ ನೋಡಿ ಕೇಳಿದಾಗ, ಇಲ್ಲ ಎಂದು ಸುಳ್ಳು ಹೇಳಿದವನೂ ನಾನೇ.

ಆರು ವರ್ಷದಲ್ಲಿ ಇಷ್ಟನ್ನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ನಾಲ್ಕನೇ ಸಾಲಿಗೆ ಒಂದು 'ಆದರೆ' ಬಂದು ಕಾಲು ಚಾಚಿ ಕೂರುತ್ತಿತ್ತು. ಆದರೆ ನನಗೂ ಸಂಸಾರ ಇತ್ತು, ಆದರೆ ಸಾಹೇಬರು ಹಾಗೆ ಹೆದರಿಸಿದರು, ಆದರೆ... ಈ ಸಲ ಆ ಪದವನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಕುಳಿತಿದ್ದೇನೆ. ಎಲ್ಲಾದರೂ ನುಸುಳಿ ಬಂದಿದ್ದರೆ ನೀನೇ ಹೊಡೆದು ಹಾಕು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಈ ಕಾಗದವನ್ನು ನೀನು ನಾಲ್ಕು ಜನಕ್ಕೆ ತೋರಿಸಬಹುದು — ತೋರಿಸಬೇಕು ಎಂದೇ ನನ್ನ ಆಸೆ — ಅವರಿಗೂ ಪೂರ್ತಿ ತಿಳಿಯಲಿ.

ನಮ್ಮದು ಜೋಗುಪಾಳ್ಯ. ನಮ್ಮ ತಾತ ಹಲಸೂರು ಕೆರೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದರಂತೆ. ನಾನು ಬೆಳೆದದ್ದು ಬರೀ ಕಾಗದ. ಬೀದಿಯಲ್ಲಿ ಶೂಟಿಂಗ್ ಮಾಡಬೇಕಾದವರಿಗೆ ಅನುಮತಿ ಕೊಡಿಸುವುದೇ ನನ್ನ ಉದ್ಯೋಗ. ಮುನಿಕೃಷ್ಣ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು, ಊರಿಗೆಲ್ಲ ನಾನು ಪರ್ಮಿಷನ್ ಮುನಿ. ಮೊಬೈಲಿನಲ್ಲಿ ಮದುವೆ ಮೆರವಣಿಗೆ ತೆಗೆಯುವವನನ್ನು ಈ ನಗರದಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದೇ ಬೀದಿಯಲ್ಲಿ ಸ್ಟ್ಯಾಂಡ್ ಇಟ್ಟು ಕ್ಯಾಮೆರಾ ನಿಲ್ಲಿಸಿದರೆ ಸಾಕು — ಅರ್ಜಿ, ಸ್ಟೇಷನ್ನಿನ ಒಪ್ಪಿಗೆ, ಟ್ರಾಫಿಕ್ಕಿನವರ ಒಪ್ಪಿಗೆ, ಕಥೆಯ ಸಾರಾಂಶ, ಕೊನೆಗೆ 'ನಗರದ ಹೆಸರಿಗೆ ಕುಂದು ತರುವ ದೃಶ್ಯ ಯಾವುದೂ ಇಲ್ಲ' ಎಂದು ನಿರ್ದೇಶಕರೇ ಸಹಿ ಹಾಕಿದ ಮುಚ್ಚಳಿಕೆ. ದೊಡ್ಡ ಕಂಪನಿಗಳಿಗೆ ಇದು ಒಂದು ಫೋನಿನ ಕೆಲಸ. ನಾಲ್ಕು ಜನ ಸ್ನೇಹಿತರು ಸೇರಿ ಸಿನಿಮಾ ಮಾಡುವ ನಿನ್ನಂಥವರಿಗೆ ಇದೇ ದೊಡ್ಡ ಬೆಟ್ಟ. ಆ ಬೆಟ್ಟಕ್ಕೆ ನನಗೊಂದು ಕಳ್ಳದಾರಿ ಗೊತ್ತಿತ್ತು, ಅದರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿತ್ತು.

ಆ ದಾರಿಗೆ ನಾವು 'ಆಫೀಸ್ ಕಥೆ' ಎನ್ನುತ್ತಿದ್ದೆವು. ತೆಗೆಯುವ ಕಥೆ ಒಂದು, ಕಚೇರಿಗೆ ಕೊಡುವ ಕಥೆ ಇನ್ನೊಂದು. ನನ್ನ ಆಫೀಸ್ ಕಥೆಯಲ್ಲಿ ರಮೇಶ ಎಂಬ ಒಳ್ಳೆಯ ಹುಡುಗ, ಗೀತಾ ಎಂಬ ಒಳ್ಳೆಯ ಹುಡುಗಿ. ಹಲಸೂರು ಕೆರೆಯ ಹತ್ತಿರ ಭೇಟಿ, ನಡುವೆ ಒಂದು ಸಣ್ಣ ಮನಸ್ತಾಪ, ಕೊನೆಗೆ ಹಿರಿಯರ ಆಶೀರ್ವಾದ. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ, ನಗರ ತುಂಬ ಸ್ವಚ್ಛವಾಗಿರುತ್ತದೆ. ಕಚೇರಿಯವರಿಗೂ ಇದು ಸುಳ್ಳೆಂದು ಗೊತ್ತು. ಕಡತದಲ್ಲಿ ಒಂದು ಹಾಳೆ ಇದ್ದರೆ ಅವರಿಗೆ ಸಾಕಿತ್ತು. ಎಂಟು ವರ್ಷ ಹೀಗೆ ನಡೆಯಿತು, ನನಗೆ ಅದರ ಬಗ್ಗೆ ಒಂದು ಬಗೆಯ ಜಂಬವೂ ಇತ್ತು.

ನಿನ್ನ ಸಿನಿಮಾದಲ್ಲಿ ರಮೇಶನೂ ಇರಲಿಲ್ಲ, ಗೀತಾಳೂ ಇರಲಿಲ್ಲ. ನಿಮ್ಮ ಮನೆಯ ಹಿಂದಿನ ಹಾಸಿಗೆ ಗಲ್ಲಿ ಇತ್ತು, ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಆರೇಳು ಅಂಗಡಿ ಇದ್ದವು. ರಸ್ತೆ ಅಗಲ ಮಾಡಲು ಆ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದರು. ಗಲ್ಲಿಯಲ್ಲೇ ಹಿರಿಯರಾದ ರಹೀಂ ಚಾಚಾ, ತಮ್ಮ ಪಾತ್ರವನ್ನು ತಾವೇ ಮಾಡುವವರಿದ್ದರು. ಹದಿನಾಲ್ಕನೇ ಪುಟದಲ್ಲಿ ಅವರು ಗುರುತು ಹಾಕಲು ಬಂದವನನ್ನು ಕೇಳಬೇಕು — "ನಮ್ಗೆ ಬೀದೀಲಿ ಒಂದು ಫೋಟೊ ತೆಗೆಯಕ್ಕೂ ಪರ್ಮಿಷನ್ ಬೇಕಂತೆ. ನಮ್ಮ ಗೋಡೆ ಮೇಲೆ ಬಣ್ಣ ಬಳಿಯಕ್ಕೆ ನಿಮ್ಗೆ ಪರ್ಮಿಷನ್ ಕೊಟ್ಟೋರು ಯಾರು ಬಾವಾ?" ಕೆಂಪು ಗುರುತು ಹಾಕಿಸಿದವರೂ, ಕ್ಯಾಮೆರಾ ನಿಲ್ಲಿಸಲು ಒಪ್ಪಿಗೆ ಕೊಡಬೇಕಾದವರೂ ಒಂದೇ ಮೆಟ್ಟಿಲು ಹತ್ತುವ ಜನ.

ಕ್ಯಾಮೆರಾ ಹಿಡಿದವನು ಅರುಳ್. ಹಲಸೂರಿನ ಹುಡುಗ, ಕಾಲೇಜಿನಿಂದ ನಿನ್ನ ಸ್ನೇಹಿತ. ಆ ಪುಟದ ವಿಷಯಕ್ಕೆ ನಿಮ್ಮಿಬ್ಬರಿಗೆ ಜಗಳವಾದದ್ದು ನನಗೆ ನೆನಪಿದೆ. "ಇದೊಂದು ಸೀನ್ ಬಿಟ್ಬಿಡು ಮಗಾ, ಸಿಕ್ಕಾಕೊಂಡ್ರೆ ಇಡೀ ಫಿಲ್ಮ್ ಹೋಗತ್ತೆ" ಎಂದು ಅವನು. "ಇದೊಂದು ಸೀನ್‌ಗೋಸ್ಕರಾನೇ ಫಿಲ್ಮ್ ಮಾಡ್ತಿರೋದು" ಎಂದು ನೀನು. ಎರಡು ದಿನ ಮಾತು ಬಿಟ್ಟಿರಿ. ಆ ಜಗಳ ಆಮೇಲೆ ನನ್ನ ಪಾಲಿಗೆ ಎಷ್ಟು ಉಪಯೋಗಕ್ಕೆ ಬಂತು ಎಂದು ಯೋಚಿಸಿದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸ್ಕ್ರಿಪ್ಟ್ ಇದ್ದದ್ದು ಎರಡೇ ಪ್ರತಿ. ನಿನ್ನದೊಂದು, ಅವನದೊಂದು. ಯಾವ ಯಾವ ಜಾಗಕ್ಕೆ ಅನುಮತಿ ಬೇಕೆಂದು ಪಟ್ಟಿ ಮಾಡಲು ಒಂದು ಶುಕ್ರವಾರ ನಾನು ಅರುಳ್‌ನ ಪ್ರತಿ ಕೇಳಿ ತಂದೆ. ಅದರ ಅಂಚಿನಲ್ಲೆಲ್ಲ ಅವನು ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಚೌಕ ಎಳೆದು ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂದು ಬರೆದುಕೊಂಡಿದ್ದ. ನಾನು ಹಲಸೂರು ಬಜಾರಿನಲ್ಲಿ ಒಂದು ಜೆರಾಕ್ಸ್ ಮಾಡಿಸಿಕೊಂಡು ಸಂಜೆಯೇ ಅವನದನ್ನು ಹಿಂದಿರುಗಿಸಿದೆ. ಜೆರಾಕ್ಸ್ ನನ್ನ ಚೀಲದಲ್ಲಿ ಉಳಿಯಿತು.

ಇನ್ನು ಆ ದಿನ.

ನಿನ್ನ ಅರ್ಜಿಗೆ ಹೊಸ ಆಫೀಸ್ ಕಥೆ ಬರೆಯಬೇಕಿತ್ತು. ಬರೆಯಲಿಲ್ಲ. ಸೋಮಾರಿತನ — ಇದಕ್ಕೆ ಬೇರೆ ಹೆಸರಿಲ್ಲ. ಹಳೆಯ ಹಾಳೆಯನ್ನೇ ಮತ್ತೆ ಪ್ರಿಂಟ್ ಹಾಕಿಸಿ, ಹೆಸರನ್ನೂ ಬದಲಿಸದೆ, ಕೆಳಗೆ ನಿನ್ನ ಸಹಿ ತೆಗೆದುಕೊಂಡೆ. ನೀನು ಓದಲಿಲ್ಲ. "ನೀವು ನೋಡಿದ್ದೀರಲ್ಲ ಮುನಿಯಣ್ಣ, ಸಾಕು" ಎಂದೆ. ನನ್ನ ಸ್ನೇಹಿತನಾಗಿದ್ದ ನಿಮ್ಮ ಅಬ್ಬಾ ತೀರಿಕೊಂಡ ವರ್ಷ ನಿನ್ನ ಕಾಲೇಜಿನ ಅರ್ಜಿಗಳನ್ನು ಹಿಡಿದು ಓಡಾಡಿದವನು ನಾನು. ಅಂದಿನಿಂದ ನಾನು ಎಲ್ಲಿ ಬೆರಳು ತೋರಿಸಿದರೆ ಅಲ್ಲಿ ನೀನು ಸಹಿ ಮಾಡುತ್ತಿದ್ದೆ.

ಅನುಮತಿ ಸಿಕ್ಕಿತು. ಸಿಕ್ಕ ಎರಡು ದಿನಕ್ಕೆ ಕಚೇರಿಯಿಂದ ಕರೆ ಬಂತು. ಹೋದರೆ, ಹೊಸದಾಗಿ ವರ್ಗವಾಗಿ ಬಂದಿದ್ದ ಸಾಹೇಬರ ಮೇಜಿನ ಮೇಲೆ ನಾಲ್ಕು ಕಡತ ಸಾಲಾಗಿ ಬಿಚ್ಚಿಟ್ಟಿದ್ದವು. ನಾಲ್ಕೂ ಬೇರೆ ಬೇರೆ ಸಿನಿಮಾ. ಅವರು ಕೂರಲು ಹೇಳಲಿಲ್ಲ.

"ಏನ್ರೀ ಮುನಿಕೃಷ್ಣ, ಈ ರಮೇಶ ಇನ್ನೂ ಎಷ್ಟು ಸಲ ಕೆರೆ ಹತ್ರ ಗೀತಾನ ಮೀಟ್ ಮಾಡ್ತಾನೆ?"

ಪಕ್ಕದ ಮೇಜಿನ ಗುಮಾಸ್ತರು ನಕ್ಕರು. ನಾನೂ ನಗಲು ನೋಡಿದೆ. ಸಾಹೇಬರು ನಗುತ್ತಿರಲಿಲ್ಲ.

"ನಿಮ್ಮ ಹೆಸರಲ್ಲಿ ಬಂದ ಫೈಲ್ ಇನ್ಮೇಲೆ ಈ ಆಫೀಸಲ್ಲಿ ಯಾರೂ ಮುಟ್ಟಲ್ಲ. ಅದಕ್ಕೆ ಮುಂಚೆ ಒಂದು ಹೇಳ್ಬಿಡಿ. ಈ ಸುಳ್ಳು ನಿಮ್ದಾ, ಸೈನ್ ಹಾಕಿರೋ ಹುಡುಗೀದಾ?"

ಕಚೇರಿಯ ಫ್ಯಾನು ಗರಗರ ತಿರುಗುತ್ತಿತ್ತು. ಕಡತದ ಹಾಳೆಗಳು ಹಾರದಂತೆ ಅವರು ಅವುಗಳ ಮೇಲೆ ಕೈ ಇಟ್ಟುಕೊಂಡಿದ್ದರು, ಕೈಯ ಕೆಳಗೆ ನಿನ್ನ ಸಹಿ ಕಾಣುತ್ತಿತ್ತು. ಎರಡು ಉಸಿರು ತೆಗೆದುಕೊಂಡಿರಬೇಕು. ಹೆಚ್ಚಿಲ್ಲ.

"ಕಥೆ ಅವ್ರೇ ಬರ್ಕೊಟ್ಟಿದ್ದು ಸರ್," ಎಂದೆ. "ನಾನು ತಂದು ಕೊಟ್ಟೆ, ಅಷ್ಟೇ."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಅವರು ಸ್ಕ್ರಿಪ್ಟ್ ಕೇಳಲಿಲ್ಲ, ಸಬೀಹಾ. "ಹಾಗಾದ್ರೆ ಅವ್ರು ತೆಗೀತಿರೋದು ಏನು?" ಎಂದಷ್ಟೇ ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ಹಾಸಿಗೆ ಹೊಲಿಯುವವರ ಬಗ್ಗೆ ಏನೋ ಎಂದು ತೊದಲಿ ಹೊರಗೆ ಬರಬಹುದಿತ್ತು. ನಾನು ಚೀಲದ ಜಿಪ್ ಎಳೆದೆ. ಜೆರಾಕ್ಸ್ ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಮೊದಲ ಪುಟವನ್ನು ಬೇಸರದಿಂದ ನೋಡುತ್ತಿದ್ದಾಗ — ಇದನ್ನು ಬರೆಯದೆ ಬಿಟ್ಟರೆ ಈ ಕಾಗದಕ್ಕೆ ಅರ್ಥವೇ ಇಲ್ಲ — ನಾನೇ ಬಗ್ಗಿ, ಹಾಳೆ ತಿರುವಿ, ಹದಿನಾಲ್ಕನೇ ಪುಟ ತೆಗೆದು ಕೊಟ್ಟೆ. "ಇದು ನೋಡಿ ಸರ್" ಎಂದೆ.

ಕೇಳದೆ ಇದ್ದದ್ದನ್ನು ಏಕೆ ಕೊಟ್ಟೆ? ಆರು ವರ್ಷದಿಂದ ಹುಡುಕುತ್ತಿದ್ದೇನೆ. ನಾನು ಅವರ ಕಡೆಯವನು ಎಂದು ತೋರಿಸಿಕೊಳ್ಳಲು, ಇರಬೇಕು. ಸಿಕ್ಕಿಬಿದ್ದವನು ತನಗಿಂತ ದೊಡ್ಡ ಕಳ್ಳನನ್ನು ತೋರಿಸಲು ಹವಣಿಸುತ್ತಾನೆ. ಅದು ಕಳ್ಳತನವೇ ಅಲ್ಲ, ಒಬ್ಬ ಮುದುಕ ತನ್ನ ಗೋಡೆಯ ಬಗ್ಗೆ ಕೇಳಿದ ಪ್ರಶ್ನೆ — ಅದು ನನ್ನ ಕೈಯಲ್ಲಿ ಅಪರಾಧದ ಹಾಗೆ ಕಂಡಿತಲ್ಲ... ಕಚೇರಿಗಳಲ್ಲಿ ಇಷ್ಟು ವರ್ಷ ಕಾದು ಕಾದು ನನ್ನ ಕಣ್ಣೂ ಕಚೇರಿಯ ಕಣ್ಣೇ ಆಗಿಬಿಟ್ಟಿತ್ತು.

ನಿನ್ನ ಶೂಟಿಂಗಿಗೆ ಇನ್ನೂ ಮೂರು ದಿನ ಇತ್ತು. ಆ ಮೂರು ದಿನದಲ್ಲಿ ಒಂದು ಮಾತು ಹೇಳಿದ್ದರೆ ನೀನು ಏನಾದರೂ ಮಾಡುತ್ತಿದ್ದೆ. ಬಾಗಿಲು ಹಾಕಿ ಅಂಗಡಿಯೊಳಗೇ ತೆಗೆಯುತ್ತಿದ್ದೆ, ಇಲ್ಲವೆ ಮೊಬೈಲಿನಲ್ಲೇ ತೆಗೆಯುತ್ತಿದ್ದೆ. ಸಾಹೇಬರು ಮರೆತಿರುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ಮೂರು ದಿನವೂ ನಿನ್ನ ಜೊತೆ ಕೂತು ಚಹಾ ಕುಡಿದೆ, ಬಿಸ್ಕತ್ತನ್ನೂ ಅದ್ದಿಕೊಂಡೆ.

ಆ ಬೆಳಿಗ್ಗೆ ಚಾಚಾ ಬಿಳಿ ಜುಬ್ಬಾ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಕೆಲಸದ ಬಟ್ಟೆಯಲ್ಲೇ ಇರಬೇಕು ಎಂದು ನೀನು ಗದರಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡು ಬದಲಿಸಿ ಬಂದರು. ಹತ್ತಿ ಹಿಂಜುವ ಬಿಲ್ಲಿನ ಸದ್ದು ಶುರುವಾಯಿತು. ಅರುಳ್ ಕಣ್ಣು ಕ್ಯಾಮೆರಾಕ್ಕೆ ಇಟ್ಟ. ಗಾಳಿಯಲ್ಲಿ ಹತ್ತಿ ಏಳುತ್ತಿತ್ತು, ಬೆಳಕು ಚೆನ್ನಾಗಿತ್ತು. ನಾನೊಬ್ಬನೇ ಗಲ್ಲಿಯ ತುದಿಗೆ ಬೆನ್ನು ಮಾಡದೆ ನಿಂತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ. ಜೀಪು ಬಂದು ನಿಂತದ್ದನ್ನು ಮೊದಲು ನೋಡಿದವನು ನಾನು. ಆಗಲೂ ಬಾಯಿ ಬಿಡಲಿಲ್ಲ.

ಇಬ್ಬರು ಇಳಿದರು. ಅನುಮತಿ ರದ್ದಾಗಿದೆ ಎಂದರು.

"ಯಾಕೆ ಸರ್? ಲೆಟರ್ ಇದೆಯಲ್ಲ," ಎಂದೆ ನೀನು.

"ಬರ್ಕೊಟ್ಟಿರೋ ಕಥೆ ಬೇರೆ, ತೆಗೀತಿರೋದು ಬೇರೆ. ಇದು ನಿಮ್ದೇ ತಾನೆ?" ಎಂದು ಒಬ್ಬ ಹಾಳೆ ಎತ್ತಿ, ಚಾಚಾ ಹೇಳಬೇಕಾಗಿದ್ದ ಮಾತನ್ನು ತಾನೇ ಜೋರಾಗಿ ಓದಿದ. ಕೆಟ್ಟದಾಗಿ ಓದಿದ. ಆ ಗಲ್ಲಿಯಲ್ಲಿ ಆ ಮಾತು ಕೇಳಿಸಿದ್ದು ಅದೊಂದೇ ಸಲ. ಚಾಚಾ ಬಿಲ್ಲು ಕೆಳಗಿಟ್ಟು, ತಾವೇ ಏನೋ ತಪ್ಪು ಮಾಡಿದವರಂತೆ ಕೈ ಮುಗಿದು ನಿಂತರು.

ನೀನು ಆ ಹಾಳೆ ಕಿತ್ತುಕೊಂಡು ನೋಡಿದೆ. ಅಂಚಿನಲ್ಲಿ ಅರುಳ್‌ನ ಚೌಕಗಳು. ಅವನ ಬರಹ. ನೀನು ಅವನ ಕಡೆ ತಿರುಗಿದ ರೀತಿ... ಅವನು ಗಾಬರಿಯಾಗಿ, "ಸಬೀ, ನಂದು ಬ್ಯಾಗಲ್ಲೇ ಇದೆ, ನೋಡು. ಶುಕ್ರವಾರ ಮುನಿಯಣ್ಣಂಗೆ ಒಂದಿನ ಕೊಟ್ಟಿದ್ದೆ, ಅಷ್ಟೇ," ಎಂದ.

ನೀನು ನನ್ನನ್ನು ಕೇಳಿದೆ. "ಮುನಿಯಣ್ಣಾ, ಅರುಳ್ ನಿಮಗೆ ಕೊಟ್ಟಿದ್ನಾ?"

"ನನಗಾ?" ಎಂದೆ. "ಇಲ್ಲಮ್ಮ."

ಕಚೇರಿಯಲ್ಲಿ ಆಡಿದ್ದು ಹೆದರಿಕೆಯ ಮಾತು ಎನ್ನಬಹುದೇನೋ. ಇದು ಹಾಗಲ್ಲ. ಇದನ್ನು ನಾನು ನಿನ್ನ ಕಣ್ಣಿನಲ್ಲಿ ಕಣ್ಣಿಟ್ಟು, ಆಶ್ಚರ್ಯ ನಟಿಸಿ, ಹಿರಿಯನ ದನಿಯಲ್ಲಿ ಹೇಳಿದೆ. ಅವತ್ತು ಆ ಗಲ್ಲಿಯಲ್ಲಿ ನಟಿಸಿದವನು ನಾನೊಬ್ಬನೇ. ಅರುಳ್ ಬಾಯಿ ತೆರೆದು ನನ್ನನ್ನೇ ನೋಡಿದ. ಅಬ್ಬಾನ ಸ್ನೇಹಿತನ ಮಾತು ಒಂದು ಕಡೆ, ಆ ಪುಟ ಬೇಡವೆಂದು ಜಗಳವಾಡಿದ್ದವನ ಮಾತು ಇನ್ನೊಂದು ಕಡೆ. ನೀನು ಯಾರನ್ನು ನಂಬುತ್ತೀ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. "ಬೇಡ ಅಂದಿದ್ಯಲ್ಲ, ಈಗ ಖುಷಿನಾ?" ಎಂದೆ ನೀನು ಅವನಿಗೆ. ಅವನು ಕ್ಯಾಮೆರಾ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಕಮರ್ಷಿಯಲ್ ಸ್ಟ್ರೀಟಿನ ಕಡೆಗೆ ನಡೆದುಹೋದ.

ಎರಡು ತಿಂಗಳಿಗೆ ಗಲ್ಲಿ ಒಡೆದರು. ಚಾಚಾ ಕೆ.ಆರ್. ಪುರದಲ್ಲಿ ಮಗಳ ಮನೆ ಸೇರಿಕೊಂಡರು. ಈಗ ಅಲ್ಲಿ ರಸ್ತೆ ಅಗಲವಾಗಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಡಿಗಳು ನಿಂತಲ್ಲೇ ನಿಂತಿರುತ್ತವೆ. ಸಿನಿಮಾ ಮತ್ತೆ ಮಾಡೋಣ ಎನ್ನಲು ಗೋಡೆಯೇ ಉಳಿಯಲಿಲ್ಲ.

ಇನ್ನೊಂದನ್ನು ಹೇಳಬೇಕು. ಸಾಹೇಬರು ಹಾಗೆ ಹೆದರಿಸಿದ್ದರೂ ನನ್ನ ಕಡತಗಳು ನಿಲ್ಲಲಿಲ್ಲ. ಮೊದಲಿಗಿಂತ ಬೇಗ ಮುಂದೆ ಹೋದವು. ಆ ಸಾಹೇಬರು ಆಗಾಗ ಫೋನ್ ಮಾಡಿ, "ಇದು ನಿಜವಾಗ್ಲೂ ಏನು ಕಥೆ ಮುನಿಕೃಷ್ಣ?" ಎಂದು ಸ್ನೇಹಿತನ ಹಾಗೆ ಕೇಳುತ್ತಿದ್ದರು. ಇನ್ನೆರಡು ಸಲ ಹೇಳಿದೆ. ಒಂದು ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಗಳ ಬಗ್ಗೆ ಒಬ್ಬ ಹುಡುಗ ಮಾಡಹೊರಟ ಸಿನಿಮಾ, ಇನ್ನೊಂದು ಕೆರೆಯ ಬಗ್ಗೆ. ಎರಡಕ್ಕೂ ಅನುಮತಿ ಬರಲಿಲ್ಲ. ಕಾರಣ ಕೇಳಿದರೆ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ, ಅವರು ಸುಸ್ತಾಗಿ ಬಿಟ್ಟರು. ನಿಯಮವೇ ಹಾಗಿದೆ ಎಂದು ಅವರಿಗೆ ಸಮಾಧಾನ ಹೇಳಿದವನೂ ನಾನೇ. ನಿಯಮ ಕೆಟ್ಟದ್ದು ಹೌದು, ಕಥೆ ಕೇಳಿ ಬೀದಿ ಕೊಡುವ ನಿಯಮ ಎಲ್ಲಾದರೂ ಒಳ್ಳೆಯದಾಗುತ್ತದೆಯೇ. ಹಾಗಿದ್ದರೂ ಆ ಹಾಳೆ ತಿರುವಿದ್ದು ನಿಯಮವಲ್ಲ. ಆ ಹುಡುಗನಿಗೂ ಕೆರೆಯ ಸಿನಿಮಾದವರಿಗೂ ನಾನು ಬೇರೆ ಕಾಗದ ಬರೆಯುತ್ತಿದ್ದೇನೆ.

ಹೋದ ವಾರ ನೀನು ಫೋನ್ ಮಾಡಿದೆ. ಆರು ವರ್ಷದ ಮೇಲೆ ಮತ್ತೆ ಸಿನಿಮಾ ಮಾಡುತ್ತಿದ್ದೇನೆ ಎಂದೆ. ನಿನ್ನ ದನಿಯಲ್ಲಿ ಹಳೆಯ ಗೆಲುವು ಇತ್ತು, ನನಗೆ ನಿಜವಾಗಿ ಸಂತೋಷವಾಯಿತು, ಒಂದು ನಿಮಿಷ. ಆಮೇಲೆ ನೀನು ಹೇಳಿದೆ: "ಪರ್ಮಿಷನ್ ನೀವೇ ನೋಡ್ಕೋಬೇಕು ಅಣ್ಣ. ಈ ಸಲ ಸ್ಕ್ರಿಪ್ಟ್ ಕ್ಯಾಮೆರಾದವ್ರಿಗೂ ಕೊಡಲ್ಲ. ನಿಮ್ಗೊಬ್ರಿಗೇ ಕಳಿಸ್ತೀನಿ. ಒಂದ್ಸಲ ಅನುಭವಿಸಿದ್ದು ಸಾಕು."

ಮರುದಿನ ಕಂದು ಬಣ್ಣದ ಲಕೋಟೆ ಬಂತು. ದೇವರ ಕೋಣೆಯಲ್ಲಿ ಇಡಲು ಹೋದೆ, ನಾಚಿಕೆಯಾಗಿ ಬೀರುವಿನ ಮೇಲೆ ಇಟ್ಟೆ.

ಮೊನ್ನೆ ಕಮ್ಮನಹಳ್ಳಿಗೆ ಹೋಗಿ ಅರುಳ್‌ನನ್ನು ಕಂಡೆ. ಮೇನ್ ರೋಡಿನ ಪಕ್ಕದ ಅಡ್ಡರಸ್ತೆಯಲ್ಲಿ ಅವನದೊಂದು ಸ್ಟುಡಿಯೋ ಇದೆ, ಪಾಸ್‌ಪೋರ್ಟ್ ಫೋಟೊ, ಮದುವೆ, ನಾಮಕರಣ. ಒಂದು ಮಗುವಿನ ಫೋಟೊ ತೆಗೆಯುತ್ತಿದ್ದ. ಮುಗಿಯುವವರೆಗೆ ಕಾದು, ಎಲ್ಲ ಹೇಳಿದೆ, ನಿಂತೇ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದುಕೊಂಡಿದ್ದೆ. ಅವನು ಲೆನ್ಸಿನ ಮುಚ್ಚಳ ಹುಡುಕಿ ಹಾಕಿದ.

"ಅಣ್ಣಾ, ನೀವು ಅಷ್ಟು ಗಟ್ಟಿಯಾಗಿ ಇಲ್ಲ ಅಂದ್ರಲ್ಲ," ಎಂದ. "ನಾನು ನಿಮ್ಗೆ ಕೊಟ್ಟಿದ್ದು ನಿಜಾನಾ ಅಂತ ನನಗೇ ಡೌಟ್ ಬಂದ್ಬಿಡ್ತು. ಎಲ್ಲಾದ್ರೂ ಬಿಟ್ಟು ಬಂದಿದ್ನಾ, ಯಾರಾದ್ರೂ ಎತ್ಕೊಂಡ್ರಾ... ಆರು ವರ್ಷ ಇದನ್ನೇ ಯೋಚಿಸ್ತಿದ್ದೀನಿ. ತಪ್ಪು ನಂದೇ ಇರ್ಬೇಕು ಅಂತ ಅಂದ್ಕೊಂಡಿದ್ದೆ."

ನಾನು ನಿನ್ನ ಸಿನಿಮಾವನ್ನು ಮಾತ್ರ ಕೆಡಿಸಿದೆ ಎಂದುಕೊಂಡಿದ್ದೆ, ಸಬೀಹಾ. ಒಬ್ಬ ನಿರಪರಾಧಿ ತಾನೇ ತಪ್ಪು ಮಾಡಿದೆನೆಂದು ಇಷ್ಟು ವರ್ಷ ನಂಬಿಕೊಂಡು ಬದುಕುವಂತೆ ಮಾಡಿದ್ದೇನೆ ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅವನು ನೀರು ತಂದು ಕೊಟ್ಟ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. "ಅವಳಿಗೆ ಹೇಳಿದ್ರಾ?" ಎಂದ. ಇಲ್ಲ ಎಂದೆ. "ಮೊದಲು ಅಲ್ಲಿಗೆ ಹೋಗ್ಬೇಕಿತ್ತು ನೀವು," ಎಂದು ಶಟರ್ ಎಳೆಯಲು ಎದ್ದ.

ಅದಕ್ಕೇ ಈ ಕಾಗದ. ನಿನ್ನ ಲಕೋಟೆಯನ್ನು ಇದರ ಜೊತೆಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಒಡೆದಿಲ್ಲ, ಅಂಟು ಹಾಗೇ ಇದೆ, ನೋಡಿಕೋ. ನಾನು ಆ ಕಚೇರಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ, ಯಾರ ಪರವಾಗಿಯೂ. ಅರ್ಜಿಯ ಸಾರಾಂಶದ ಜಾಗದಲ್ಲಿ ನಿನ್ನ ಕಥೆಯನ್ನೇ ಬರೆ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಅದು ನಿನಗೆ ಬಿಟ್ಟದ್ದು. ಯಾರಾದರೂ ಕೇಳಿದರೆ, ಎಲ್ಲಿ ಬೇಕಾದರೂ, ಹದಿನಾಲ್ಕನೇ ಪುಟ ಕೊಟ್ಟವನು ನಾನೇ ಎಂದು ಎದ್ದು ನಿಂತು ಹೇಳುತ್ತೇನೆ.

ನಿನ್ನ ಈಗಿನ ನಂಬರನ್ನು ಅರುಳ್‌ಗೆ ಬರೆದುಕೊಟ್ಟು ಬಂದಿದ್ದೇನೆ, ನಿನ್ನನ್ನು ಕೇಳದೆಯೇ. ಅವನ ಫೋನ್ ಬಂದರೆ ಎತ್ತು. ನನ್ನದು ಬಂದರೆ ಎತ್ತಬೇಕಾಗಿಲ್ಲ.

ಮುನಿಕೃಷ್ಣ